ಗಾಳಿಗೆ ಬಿದ್ದ ಹಿತ್ತಲು ಮತ್ತೆ ಏಳಬೇಕಾದರೆ

ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಸುತ್ತಿನ ಹಿತ್ತಲುಗಳಿಗೆ ಗಾಳಿಯ ಪೆಟ್ಟು ವರ್ಷದಲ್ಲಿ ಎರಡು ಹೊತ್ತು ಬೀಳುತ್ತದೆ. ಎರಡೂ ಬೇರೆ ಬೇರೆ ಥರದ ಪೆಟ್ಟು. ಮೊದಲನೆಯದು ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಕಾಲ, ಅಂದರೆ ಏಪ್ರಿಲ್ ನಡುವಿನಿಂದ ಮೇ ಕೊನೆಯ ತನಕ. ಮಧ್ಯಾಹ್ನವೆಲ್ಲ ಕುದಿಯುವ ಸೆಕೆ, ಸಂಜೆಗೆ ಕಪ್ಪು ಮೋಡ, ಹನಿ ಬೀಳುವ ಮೊದಲೇ ಧೂಳೆಬ್ಬಿಸಿಕೊಂಡು ನುಗ್ಗುವ ಗಾಳಿ. ಗುಡುಗು ಮೋಡದೊಳಗೆ ಮಳೆಯ ಜೊತೆ ತಣ್ಣಗಾದ ಗಾಳಿ ಭಾರವಾಗಿ ಕೆಳಗೆ ಸುರಿದು, ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಹಾಗಾಗಿಯೇ ಕಾಲು ಗಂಟೆಯಲ್ಲಿ ಒಂದು ಮನೆಯ ಹಿತ್ತಲು ನೆಲ ಕಚ್ಚಿದರೆ, ನಾಲ್ಕು ಮನೆ ಆಚೆ ಬಾಳೆ ಎಲೆಯೂ ಹರಿಯದೆ ಉಳಿದಿರುತ್ತದೆ. ಆಗ ನೆಲ ಒಣಗಿ ಗಟ್ಟಿಯಾಗಿರುವುದರಿಂದ ಬೇರು ಹಿಡಿತ ಬಿಡುವುದಿಲ್ಲ. ಕೊಂಬೆ ಸೀಳುತ್ತದೆ, ಕಾಂಡ ಮುರಿಯುತ್ತದೆ.

ಎರಡನೆಯದು ಪುನರ್ವಸುವಿನಿಂದ ಆಶ್ಲೇಷದ ತನಕ, ಜುಲೈ–ಆಗಸ್ಟ್ ತಿಂಗಳ ಗಾಳಿ. ಆ ಹೊತ್ತಿಗೆ ಮಣ್ಣು ನೀರು ಕುಡಿದು ಮೆತ್ತಗಾಗಿರುತ್ತದೆ. ಪಡುವಣ ಗಾಳಿ ದಿನಗಟ್ಟಲೆ ಮರವನ್ನು ಅಲುಗಿಸಿ ಬೇರಿನ ಹಿಡಿತ ಸಡಿಲಿಸುತ್ತದೆ. ಕೊನೆಗೊಂದು ದಿನ ಮರ ಬುಡಸಮೇತ ಒರಗುತ್ತದೆ. 2019ರ ಆಗಸ್ಟ್‌ನಲ್ಲಿ ವರದಾ ಉಕ್ಕಿ ದಂಡೆಯ ಗದ್ದೆಗಳು ಮುಳುಗಿದಾಗ ಮರಗಳು ಉರುಳಿದ್ದು ಈ ಬಗೆಯಲ್ಲಿ. 2021ರ ಮೇ ನಡುವಿನಲ್ಲಿ ತೌಕ್ತೆ ಚಂಡಮಾರುತ ಕರಾವಳಿಯನ್ನು ಸವರಿಕೊಂಡು ಹೋದಾಗ ಮಲೆನಾಡಿಗೆ ಬಂದದ್ದು ಎರಡೂ ಸೇರಿದ ಪೆಟ್ಟು: ಬೇಸಿಗೆಯ ತಿಂಗಳು, ಮಳೆಗಾಲದ ಮಳೆ.

ಈ ವ್ಯತ್ಯಾಸ ಮೊದಲು ಹೇಳಿದ್ದಕ್ಕೆ ಕಾರಣವಿದೆ. ಮುರಿದದ್ದಕ್ಕೆ ಬೇಕಾದದ್ದು ಕತ್ತಿ, ಒರಗಿದ್ದಕ್ಕೆ ಬೇಕಾದದ್ದು ಹಗ್ಗ. ಎರಡಕ್ಕೂ ಒಂದೇ ಉಪಚಾರ ಮಾಡಿ ಉಳಿಯುತ್ತಿದ್ದ ಗಿಡವನ್ನೂ ಕಳೆದುಕೊಳ್ಳುವ ಮನೆಗಳು ಬಹಳ. ಇನ್ನೊಂದು ಮಾತು. ಗಾಳಿ ಕೆಡವಿದ್ದು ಕಣ್ಣಿಗೆ ಕಾಣುತ್ತದೆ. ಗಾಳಿ ನಿಂತ ಮೇಲೆ ಶುರುವಾಗುವ ನಷ್ಟ ಕಾಣುವುದಿಲ್ಲ. ನಮ್ಮ ಹಿತ್ತಲು ನಿಂತಿರುವುದು ನೆರಳಿನ ಮೇಲೆ. ಮೇಲೆ ಹಲಸು, ಮಾವು, ತೆಂಗು; ಅದರ ಕೆಳಗೆ ಅಡಿಕೆ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ; ಅದರ ಕೆಳಗೆ ಬಾಳೆ, ನಿಂಬೆ, ಕರಿಬೇವು; ನೆಲದಲ್ಲಿ ಅರಿಶಿನ, ಕೆಸು, ಒಂದೆಲಗ. ಒಂದು ಹಲಸಿನ ಮರ ಬಿದ್ದರೆ ಅದರಡಿಯ ಹತ್ತಿಪ್ಪತ್ತು ಗಿಡಗಳ ಸೂರು ಹೋದಂತೆ. ಮುರಿಯದೆ ಉಳಿದ ಗಿಡಗಳೂ ಬಿಸಿಲಿಗೆ ಸುಡುತ್ತವೆ, ಬರಿದಾದ ನೆಲ ಮಳೆಗೆ ಕೊಚ್ಚಿಹೋಗುತ್ತದೆ, ತೆರೆದ ಜಾಗಕ್ಕೆ ಕಳೆ ನುಗ್ಗುತ್ತದೆ. ಹಾಗಾಗಿ ಹಿತ್ತಲನ್ನು ಮತ್ತೆ ಕಟ್ಟುವಾಗ ಬಿದ್ದ ಗಿಡದ ಜಾಗಕ್ಕೊಂದು ಗಿಡ ತಂದಿಟ್ಟರೆ ಸಾಲದು. ಹೋದ ನೆರಳನ್ನು ಮೊದಲು ತರಬೇಕು, ಉಳಿದ ಗಿಡಗಳನ್ನು ಅದರಡಿಗೆ ತರಬೇಕು. ಮುಂದೆ ಹೇಳುವ ಕೆಲಸಗಳೆಲ್ಲ ಇದೇ ಲೆಕ್ಕದಲ್ಲಿ ಜೋಡಿಸಿದ್ದು.

ಮೊದಲ ಎರಡು ದಿನ

ಕತ್ತಿ ಹಿಡಿಯುವ ಮೊದಲು ತಂತಿ ನೋಡಿ. ಬಿದ್ದ ಮರದಡಿ ವಿದ್ಯುತ್ ತಂತಿ ಸಿಕ್ಕಿಕೊಂಡಿದ್ದರೆ, ಬೇಲಿಯ ಮುಳ್ಳುತಂತಿಗೆ ತಾಗಿದ್ದರೆ ಹತ್ತಿರ ಹೋಗಬೇಡಿ. ಮೆಸ್ಕಾಂನ 1912ಕ್ಕೆ ಕರೆ ಮಾಡಿ, ಲೈನ್‌ಮನ್ ಬಂದು ತಂತಿ ಬಿಡಿಸಿದ ಮೇಲೆಯೇ ಕೆಲಸ. ಕರೆಂಟು ಹೋಗಿದೆ ಎಂಬ ಧೈರ್ಯ ಸಾಲದು, ಯಾವ ಗಳಿಗೆಯಲ್ಲಾದರೂ ಬರಬಹುದು. ಬಿದ್ದ ಸೊಪ್ಪಿನ ರಾಶಿಗೆ ನೇರ ಕೈ ಹಾಕಬೇಡಿ, ಉದ್ದ ಕೋಲಿನಿಂದ ಕೆದಕಿ. ನೆಲೆ ತಪ್ಪಿದ ಹಾವುಗಳು ಮೊದಲು ಸೇರಿಕೊಳ್ಳುವುದು ಅಲ್ಲೇ.

ಆಮೇಲೆ ಎಲ್ಲದರ ಫೋಟೊ ತೆಗೆಯಿರಿ. ಬುಡ ಕಾಣುವಂತೆ ಒಂದು, ಮನೆ ಅಥವಾ ಬಾವಿ ಹಿನ್ನೆಲೆಯಲ್ಲಿ ಬರುವಂತೆ ಇನ್ನೊಂದು. ಪರಿಹಾರದ ಮಾತು ಕೊನೆಗೆ ಹೇಳುತ್ತೇನೆ. ಆದರೆ ಅಂಗಳ ಚೊಕ್ಕಟವಾದ ಮೇಲೆ ತೋರಿಸಲು ಏನೂ ಉಳಿದಿರುವುದಿಲ್ಲ. ಬಿದ್ದದ್ದು ತೇಗ, ಬೀಟೆ, ಶ್ರೀಗಂಧವಾಗಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸದೆ ತುಂಡು ಮಾಡಬೇಡಿ, ಸಾಗಿಸಬೇಡಿ. ಗುಡಿಗಾರರ ಗಂಧದ ಕೆತ್ತನೆಗೆ ಹೆಸರಾದ ತಾಲ್ಲೂಕಿನಲ್ಲಿ ಹಿತ್ತಲ ಮೂಲೆಯಲ್ಲಿ ಒಂದು ಗಂಧದ ಮರ ಇರುವುದು ಅಪರೂಪವಲ್ಲ. ಗಾಳಿಗೆ ಬಿದ್ದರೂ ಅದಕ್ಕೆ ಕಾಯಿದೆಯ ಕಾವಲು ಇದ್ದೇ ಇರುತ್ತದೆ.

ಈ ಎರಡು ದಿನದಲ್ಲಿ ಮಾಡಲೇಬೇಕಾದ ಹಿತ್ತಲ ಕೆಲಸ ಎರಡೇ. ಮಗುಚಿದ ಗಿಡಗಳ ಬೇರು ಗಾಳಿಗೆ ಒಣಗದಂತೆ ಒದ್ದೆ ಗೋಣಿಚೀಲ ಹೊದಿಸುವುದು ಒಂದು. ನಿಂತ ನೀರನ್ನು ಬಿಡಿಸುವುದು ಇನ್ನೊಂದು. ಪಪ್ಪಾಯಿಯ ಬುಡದಲ್ಲಿ ಒಂದೆರಡು ದಿನ ನೀರು ನಿಂತರೆ ಗಿಡ ಸತ್ತಂತೆಯೇ. ಮೆಣಸಿನ ಬಳ್ಳಿಗೆ ಸೊರಗು ರೋಗ ತಗಲುವುದೂ ನೀರು ನಿಂತ ಬುಡದಲ್ಲೇ. ಗುದ್ದಲಿ ತೆಗೆದುಕೊಂಡು ಬಸಿಗಾಲುವೆ ಎಲ್ಲಿ ಮುಚ್ಚಿಹೋಗಿದೆ ನೋಡಿ. ಸಾಮಾನ್ಯವಾಗಿ ಕೊಂಬೆಗೆ ದರಕು ಸಿಕ್ಕಿ ಅಣೆಯಾದದ್ದನ್ನು ಕಿತ್ತರೆ ನೀರು ತಾನೇ ಹರಿಯುತ್ತದೆ.

ಜೀವ ಇದೆಯೇ ಎಂದು ನೋಡುವ ಬಗೆ

ಬಿರುಗಾಳಿಯ ಮರುದಿನ ಎಲ್ಲ ಗಿಡವೂ ಸತ್ತಂತೆಯೇ ಕಾಣುತ್ತದೆ. ಎಲೆ ಚಿಂದಿಯಾಗಿ, ಕೊಂಬೆ ಜೋತುಬಿದ್ದು, ನೋಡಿದವರಿಗೆ ಎಲ್ಲವನ್ನೂ ಒಮ್ಮೆಗೇ ಕಡಿದು ಹಾಕಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ತಡೆಯಿರಿ. ಮಾವು, ಹಲಸು, ಪೇರಲೆ, ನಿಂಬೆ, ಚಿಕ್ಕು ಇಂಥ ಮರಗಳ ತೊಗಟೆಯಡಿ ಮಲಗಿದ ಮೊಗ್ಗುಗಳಿರುತ್ತವೆ. ಕೊಂಬೆ ಹೋದರೂ ಕಾಂಡ ಚಿಗುರುತ್ತದೆ. ಉಗುರಿನಿಂದಲೋ ಚಾಕುವಿನ ತುದಿಯಿಂದಲೋ ತೊಗಟೆಯನ್ನು ಕಡಲೆಕಾಳಿನಷ್ಟು ಕೆರೆದು ನೋಡಿ. ಒಳಗೆ ಹಸಿರು, ಒದ್ದೆ ಇದ್ದರೆ ಜೀವ ಇದೆ. ಕಂದಾಗಿ ಒಣಗಿದ್ದರೆ ಇನ್ನೂ ಕೆಳಗೆ ಕೆರೆಯಿರಿ. ಹಸಿರು ಎಲ್ಲಿ ಶುರುವಾಗುತ್ತದೋ ಅಲ್ಲಿಯ ತನಕ ಮಾತ್ರ ಸತ್ತದ್ದು.

ಅಡಿಕೆ, ತೆಂಗಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಅವುಗಳಿಗಿರುವುದು ತಲೆಯಲ್ಲಿ ಒಂದೇ ಒಂದು ಬೆಳೆಯುವ ತುದಿ. ಅದರ ಕೆಳಗೆ ಕಾಂಡ ಮುರಿದರೆ ಆ ಮರ ಮುಗಿಯಿತು, ಎಂದೂ ಚಿಗುರುವುದಿಲ್ಲ. ಆದರೆ ಗರಿಯೆಲ್ಲ ಉದುರಿ ಸುಳಿ ಮಾತ್ರ ನೆಟ್ಟಗೆ ಉಳಿದಿದ್ದರೆ ಕಡಿಯಬಾರದು. ಸುಳಿಗೆ ಜೀವ ಇದೆಯೇ ಎಂದು ತಿಳಿಯಲು ಸುಲಭದ ದಾರಿ ಇದೆ. ಇನ್ನೂ ಬಿಚ್ಚದ ನಡುವಿನ ಸುಳಿಗರಿಯ ಮೇಲೂ ಅದರ ಪಕ್ಕದ ಗರಿಯ ದಿಂಡಿನ ಮೇಲೂ ಒಂದೇ ಮಟ್ಟದಲ್ಲಿ ಸುಣ್ಣದಿಂದಲೋ ಬಣ್ಣದಿಂದಲೋ ಗೆರೆ ಎಳೆಯಿರಿ. ಎರಡು ಮೂರು ವಾರ ಬಿಟ್ಟು ನೋಡಿದಾಗ ನಡುವಿನ ಗೆರೆ ಮೇಲೇರಿದ್ದರೆ ಮರ ಬೆಳೆಯುತ್ತಿದೆ. ಗೆರೆಗಳು ಹಾಗೇ ಇದ್ದು, ಸುಳಿ ಎಳೆದರೆ ಕೈಗೆ ಬಂದು ಬುಡದಲ್ಲಿ ಕೊಳೆತ ವಾಸನೆ ಬಂದರೆ ಆಸೆ ಬಿಡಿ. ಎತ್ತರದ ಮರಕ್ಕೆ ಕೊನೆಗಾರರು ಔಷಧಿ ಹೊಡೆಯಲು ಹತ್ತಿದಾಗ ಈ ಕೆಲಸವನ್ನೂ ಹೇಳಿದರೆ ಆಯಿತು.

ಸತ್ತ ತೆಂಗಿನ ಕಾಂಡವನ್ನು ಹಿತ್ತಲಲ್ಲಿ ಕೊಳೆಯಲು ಬಿಡಬೇಡಿ. ಸುಳಿ ಕೊರೆಯುವ ಕೊಂಬಿನ ದುಂಬಿ ಮರಿ ಮಾಡುವುದು ಅಂಥ ಕೊಳೆತ ಕಾಂಡದಲ್ಲಿ ಮತ್ತು ಹಳೇ ಗೊಬ್ಬರದ ಗುಂಡಿಯಲ್ಲಿ. ಹಸಿ ಗಾಯದ ವಾಸನೆಗೆ ಕೆಂಪುಮೂತಿ ಹುಳುವೂ ಬರುತ್ತದೆ. ಒಂದು ಮರ ಕಳೆದುಕೊಂಡದ್ದು ಗಾಳಿಯಿಂದಾದರೆ, ವರ್ಷದೊಳಗೆ ಇನ್ನೆರಡು ಹೋಗುವುದು ಈ ಹುಳುಗಳಿಂದ. ಅಡಿಕೆಯ ಕಾಂಡ ಹಾಗಲ್ಲ, ಬಲಿತದ್ದನ್ನು ಸೀಳಿ ದಬ್ಬೆ ಮಾಡಿದರೆ ಬೇಲಿಗೆ, ಚಪ್ಪರಕ್ಕೆ, ಊರುಗೋಲಿಗೆ ಎಲ್ಲಕ್ಕೂ ಆಯಿತು.

ಎತ್ತಿ ನಿಲ್ಲಿಸುವುದು, ಕೊಯ್ದು ಸರಿಮಾಡುವುದು

ಒರಗಿದ ಗಿಡಗಳಲ್ಲಿ ಎಬ್ಬಿಸಲು ಆಗುವುದು ಎಳೆಯವು ಮಾತ್ರ. ಕಾಂಡ ತೋಳಿನ ದಪ್ಪ ಮೀರದ, ಬೇರಿನ ಅರ್ಧವಾದರೂ ಮಣ್ಣಿನಲ್ಲೇ ಇರುವ ಮಾವು, ನಿಂಬೆ, ಪೇರಲೆ, ಎಳೆ ಅಡಿಕೆ ಇವೆಲ್ಲ ಎದ್ದು ನಿಲ್ಲುತ್ತವೆ. ಮಣ್ಣು ಒದ್ದೆ ಇರುವಾಗಲೇ ಮಾಡಬೇಕು, ಒಣಗಿದ ಮೇಲೆ ಎಳೆದರೆ ಉಳಿದ ಬೇರೂ ತುಂಡಾಗುತ್ತದೆ. ಮೊದಲು ಬುಡದ ಆಚೆ, ಬೇರು ಮೇಲೆದ್ದ ಕಡೆ, ಗುಂಡಿಯನ್ನು ಸ್ವಲ್ಪ ಆಳ ಮಾಡಿ. ಜಜ್ಜಿಹೋದ ಬೇರಿನ ತುದಿಗಳನ್ನು ಹರಿತ ಕತ್ತಿಯಿಂದ ಸಾಫಾಗಿ ಕತ್ತರಿಸಿ. ತಲೆಯ ಕೊಂಬೆಗಳನ್ನು ಮೂರರಲ್ಲಿ ಒಂದು ಪಾಲು ಇಳಿಸಿ, ಅರ್ಧ ಬೇರು ಪೂರ್ತಿ ಎಲೆಗೆ ನೀರು ಉಣಿಸಲಾರದು. ಆಮೇಲೆ ಇಬ್ಬರು ನಿಧಾನ ಎತ್ತಿ, ಮೊದಲಿದ್ದ ಮಟ್ಟಕ್ಕೇ ಕೂರಿಸಿ, ಮಣ್ಣು ತುಂಬಿ ಕಾಲಿನಿಂದ ಮೆಲ್ಲಗೆ ತುಳಿಯಿರಿ.

ಊರುಗೋಲು ಮೂರು ಕಡೆ. ಕಾಂಡಕ್ಕೆ ಗೋಣಿ ಸುತ್ತಿ ಅದರ ಮೇಲೆ ತೆಂಗಿನ ಹಗ್ಗ ಕಟ್ಟಿ. ತಂತಿ, ನೈಲಾನ್ ಬೇಡ, ತೊಗಟೆ ಕೊಯ್ಯುತ್ತದೆ. ಕಟ್ಟು ಕಾಂಡದ ಕೆಳ ಅರ್ಧದಲ್ಲಿರಲಿ, ತೀರಾ ಬಿಗಿಯಾಗದಿರಲಿ. ಗಾಳಿಗೆ ತಲೆ ಅಷ್ಟಿಷ್ಟು ಅಲ್ಲಾಡಿದರೇ ಕಾಂಡ ದಪ್ಪವಾಗುವುದು, ಬೇರು ಹೊಸದಾಗಿ ಹಿಡಿಯುವುದು. ಕದಲದಂತೆ ಬಿಗಿದ ಗಿಡ ಹಗ್ಗ ಬಿಚ್ಚಿದ ದಿನ ಮತ್ತೆ ಬೀಳುತ್ತದೆ. ಒಂದು ಮಳೆಗಾಲ ಪೂರ್ತಿ ಕಳೆದ ಮೇಲೆ ಬಿಚ್ಚಿದರೆ ಸಾಕು. ದೊಡ್ಡ ಹಲಸು, ಮಾವು ಬುಡಸಮೇತ ಬಿದ್ದಿದ್ದರೆ ಜೆಸಿಬಿ ತಂದು ನಿಲ್ಲಿಸುವ ಸಾಹಸ ಬೇಡ. ಹಳೆಯ ದಪ್ಪ ಬೇರು ಮತ್ತೆ ಬಿಗಿ ಹಿಡಿಯುವುದಿಲ್ಲ, ಮುಂದಿನ ಗಾಳಿಗೆ ಅದು ಮನೆಯ ಮೇಲೇ ಬೀಳಬಹುದು. ಓರೆಯಾಗಿ ನಿಂತ ದೊಡ್ಡ ತೆಂಗಿನ ಕಥೆ ಬೇರೆ: ಮನೆಯ ಕಡೆಗೆ ವಾಲಿಲ್ಲವಾದರೆ ಹಾಗೇ ಬಿಟ್ಟು ಬುಡಕ್ಕೆ ಮಣ್ಣು ಏರಿಸಿ. ತೆಂಗು ಬುಡದಿಂದ ಹೊಸ ಬೇರು ಬಿಡುತ್ತಲೇ ಇರುತ್ತದೆ; ಸೊಂಟ ಬಾಗಿಯೇ ಹತ್ತಾರು ವರ್ಷ ಕಾಯಿ ಕೊಟ್ಟ ಮರಗಳು ಪ್ರತಿ ಊರಿನಲ್ಲೂ ಇವೆ.

ಸೀಳಿದ ಕೊಂಬೆ ಕೊಯ್ಯುವಾಗ ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ ಅರ್ಧದಲ್ಲಿ ಭಾರಕ್ಕೆ ಜಗ್ಗಿ ಕಾಂಡದ ತೊಗಟೆಯನ್ನೂ ಉದ್ದಕ್ಕೆ ಸುಲಿದುಕೊಂಡು ಬೀಳುತ್ತದೆ. ಮೂರು ಕೊಯ್ತದಲ್ಲಿ ಮುಗಿಸಿ. ಕಾಂಡದಿಂದ ಒಂದು ಮೊಳ ದೂರದಲ್ಲಿ, ಕೊಂಬೆಯ ಅಡಿಯಿಂದ ಮೇಲಕ್ಕೆ ಕಾಲು ಭಾಗದಷ್ಟು ಮೊದಲ ಕೊಯ್ತ. ಅದರಿಂದ ಎರಡು ಬೆರಳು ಆಚೆ, ಮೇಲಿನಿಂದ ಕೆಳಕ್ಕೆ ಎರಡನೆಯದು; ಇಲ್ಲಿಗೆ ಕೊಂಬೆಯ ಭಾರ ಇಳಿಯಿತು. ಉಳಿದ ಮೋಟನ್ನು ಕಾಂಡದ ಹತ್ತಿರ ಕೊಯ್ಯುವುದು ಮೂರನೆಯದು. ಕೊಂಬೆ ಕಾಂಡಕ್ಕೆ ಸೇರುವ ಕಡೆ ಬಳೆಯಂತೆ ಉಬ್ಬಿದ ಭಾಗ ಇರುತ್ತದಲ್ಲ, ಅದನ್ನು ಬಿಟ್ಟು ಅದರಾಚೆಗೆ ಕೊಯ್ಯಿರಿ. ಗಾಯ ಮುಚ್ಚುವ ಹೊಸ ತೊಗಟೆ ಹುಟ್ಟುವುದು ಆ ಉಬ್ಬಿನಿಂದ. ಅದನ್ನೂ ಸವರಿಬಿಟ್ಟರೆ ಗಾಯ ಮುಚ್ಚುವುದಿಲ್ಲ, ನೀರಿಳಿದು ಪೊಟರೆಯಾಗುತ್ತದೆ. ಸಿಮೆಂಟ್ ಮೆತ್ತುವ ಹಳೇ ರೂಢಿ ಬಿಡಿ, ಅದು ಒಳಗೆ ನೀರು ಕಟ್ಟಿ ಕೊಳೆಸುತ್ತದೆ.

ಮಳೆಗಾಲ ಎದುರಿಗಿರುವಾಗ ದೊಡ್ಡ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಅಡಿಕೆಗೆ ಕೊಳೆರೋಗದ ಔಷಧಿ ಮಾಡುವ ಮನೆಯಲ್ಲಿ ಮೈಲುತುತ್ತ, ಸುಣ್ಣ ಇದ್ದೇ ಇರುತ್ತದೆ. ಸಿಂಪಡಿಸುವ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದೊಂದು ಕೆಜಿ; ಮುಲಾಮಿಗೆ 1 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಅರ್ಧ ಲೀಟರಿನಲ್ಲಿ ಮೈಲುತುತ್ತ, ಇನ್ನರ್ಧದಲ್ಲಿ ಸುಣ್ಣ ಕದಡಿ. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯೇ ಆಗಬೇಕು, ಕಬ್ಬಿಣ ಕೂಡದು. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನ ಹೊಯ್ಯುತ್ತ ಕಡ್ಡಿಯಲ್ಲಿ ತಿರುವಿ. ಹೊಳಪಿನ ಚಾಕುವನ್ನು ಅದ್ದಿ ನೋಡಿದಾಗ ಅಲಗಿಗೆ ತಾಮ್ರದ ಕೆಂಪು ಕಟ್ಟಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಮಾಡಿದ ದಿನವೇ ಬಳಸಿ ಮುಗಿಸಿ.

ಬಾಳೆಗೆ ಇಷ್ಟೆಲ್ಲ ಉಪಚಾರ ಬೇಡ. ಗೊನೆ ಬಿಟ್ಟು ಬಿದ್ದದ್ದನ್ನು ಬುಡದ ಹತ್ತಿರ ಕಡಿದು, ಎಳೆ ಕಾಯಿ ಪಲ್ಯಕ್ಕೆ, ದಿಂಡು ಅಡುಗೆಗೆ, ಉಳಿದದ್ದು ಬುಡಕ್ಕೇ ಮುಚ್ಚಿಗೆಗೆ. ಸುತ್ತ ಎದ್ದ ಕಂದುಗಳಲ್ಲಿ ಕತ್ತಿಯಂಥ ಕಿರಿದಾದ ಎಲೆಯ, ಬುಡ ದಪ್ಪದ ಒಂದನ್ನು ಅಲ್ಲೇ ಬಿಡಿ, ಅಂಥದ್ದೇ ಇನ್ನೆರಡನ್ನು ಬೇರೆ ಕಡೆ ನೆಡಲು ಕೀಳಿ. ಅಗಲ ಎಲೆಯ ತೆಳ್ಳನೆ ಕಂದುಗಳಿಗೆ ಗಟ್ಟಿ ಗೆಡ್ಡೆ ಇರುವುದಿಲ್ಲ, ಅವುಗಳಿಂದ ಒಳ್ಳೆ ಗೊನೆ ಬರುವುದಿಲ್ಲ. ನಡು ಮುರಿದ ಪಪ್ಪಾಯಿ ಚಿಗುರಿದರೂ ಟೊಳ್ಳು ಕಾಂಡದಲ್ಲಿ ನೀರು ನಿಂತು ಕೊಳೆಯುತ್ತದೆ. ಹೊಸ ಬೀಜ ಹಾಕುವುದೇ ಸರಿ.

ನೆರಳನ್ನು ಮೊದಲು ನೆಡುವುದು

ಬಿಸಿಲು ಯಾವಾಗ, ಎಲ್ಲಿಂದ ಸುಡುತ್ತದೆ ಎಂಬುದು ಗೊತ್ತಾದರೆ ನೆರಳನ್ನು ಎಲ್ಲಿ ನೆಡಬೇಕೆಂಬುದು ತಾನಾಗಿ ತಿಳಿಯುತ್ತದೆ. ಕುಪ್ಪಗಡ್ಡೆ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ. ಮೇ, ಜೂನ್, ಜುಲೈಯಲ್ಲಿ ಸ್ವಲ್ಪ ಬಡಗಣಕ್ಕೆ. ಆಗಸ್ಟ್ ನಡುವಿನಲ್ಲಿ ಮತ್ತೆ ನೆತ್ತಿಗೆ ಬಂದು, ಅಲ್ಲಿಂದ ತೆಂಕಣಕ್ಕೆ ಜಾರುತ್ತ ಹೋಗುತ್ತಾನೆ. ಮಳೆಗಾಲದಲ್ಲಿ ಹೇಗೂ ಮೋಡ. ಆಪತ್ತು ಇರುವುದು ದೀಪಾವಳಿಯ ಆಚೆ, ಆಕಾಶ ತೊಳೆದಂತಾಗಿ ಸೂರ್ಯ ತೆಂಕಣದಲ್ಲಿ ತಗ್ಗಿದಾಗ. ಆಗ ಮಧ್ಯಾಹ್ನದ ಮೇಲಿನ ಬಿಸಿಲು ನೈಋತ್ಯದಿಂದ ಓರೆಯಾಗಿ ಬಂದು ಅಡಿಕೆ ಕಾಂಡಕ್ಕೆ ನೇರ ತಾಗುತ್ತದೆ. ಮೊದಲು ಹಳದಿ ಮಚ್ಚೆ, ಆಮೇಲೆ ಕಂದು, ಮುಂದೆ ಸೀಳು. ಸೀಳಿದ ಮರ ಮುಂದಿನ ಗಾಳಿಗೆ ಅಲ್ಲೇ ಮುರಿಯುತ್ತದೆ. ಈ ವರ್ಷ ಬಿದ್ದ ಹಲಸಿಗೂ ಮುಂದಿನ ವರ್ಷ ಮುರಿಯುವ ಅಡಿಕೆಗೂ ಇರುವ ನಂಟು ಇದು.

ಆದ್ದರಿಂದ ನೆರಳಿನ ಮರಗಳು ಹಿತ್ತಲಿನ ತೆಂಕಣ ಮತ್ತು ಪಡುವಣ ಅಂಚಿಗೆ ಬರಬೇಕು. ಆದರೆ ಹಲಸು, ಮಾವು ನೆಟ್ಟ ವರ್ಷವೇ ನೆರಳು ಕೊಡವು. ನಡುವಿನ ಮೂರು ನಾಲ್ಕು ವರ್ಷಕ್ಕೆ ಬೇಗ ಬೆಳೆಯುವವು ಬೇಕು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, ಗಾಳಿ ಮುರಿದು ಹಾಕಿದ್ದರಲ್ಲೇ ಇವೆ. ನುಗ್ಗೆಯ ಮುರಿದ ಕೊಂಬೆಗಳಲ್ಲಿ ಮಣಿಕಟ್ಟಿನ ದಪ್ಪದವನ್ನು ಮೂರರಿಂದ ಐದು ಅಡಿಗೆ ತುಂಡರಿಸಿ, ನೆರಳಲ್ಲಿ ಮೂರು ನಾಲ್ಕು ದಿನ ಗಾಯ ಒಣಗಿಸಿ, ಮೂರನೇ ಒಂದು ಭಾಗ ಮಣ್ಣಿಗೆ ಹೋಗುವಂತೆ ನೆಡಿ. ಹಾಲುವಾಣ, ಗೊಬ್ಬರದ ಗಿಡದ ಗೂಟಗಳೂ ಹೀಗೇ ಚಿಗುರುತ್ತವೆ. ಮೃಗಶಿರ, ಆರಿದ್ರಾ ಮಳೆಯಲ್ಲಿ ಊರಿದರೆ ದೀಪಾವಳಿಯ ಹೊತ್ತಿಗೆ ತಲೆಯೆತ್ತರ ಮೀರಿ ಎಲೆ ಕಟ್ಟಿರುತ್ತವೆ. ನಡುನಡುವೆ ಆರೇಳು ಅಡಿಗೊಂದು ಬಾಳೆ ಕಂದು. ಆ ವರ್ಷ ಇಷ್ಟೂ ಸಾಲದಾದರೆ, ಬಿಸಿಲಿಗೆ ತೆರೆದುಕೊಂಡ ಅಡಿಕೆ ಕಾಂಡಕ್ಕೆ ನೈಋತ್ಯದ ಕಡೆಯಿಂದ ಒಣ ಸೋಗೆ ಕಟ್ಟಿ, ಇಲ್ಲವೇ ಸುಣ್ಣ ಬಳಿಯಿರಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ.

ಮೆಣಸಿನ ಬಳ್ಳಿ ಮರದ ಜೊತೆಗೇ ಬಿದ್ದಿರುತ್ತದೆ. ಬುಡ ಗಟ್ಟಿ ಇದ್ದರೆ ಬಳ್ಳಿಯನ್ನು ಮರದಿಂದ ಬಿಡಿಸಿ, ಎರಡು ಮೊಳ ಉಳಿಸಿ ಕತ್ತರಿಸಿ. ಹೊಸ ಗೂಟಕ್ಕೆ ಹಬ್ಬಿಸಬಹುದು. ಬುಡದಿಂದ ನೆಲಕ್ಕೆ ಹರಿದ ಹಬ್ಬುಬಳ್ಳಿಗಳನ್ನು ಎರಡು ಮೂರು ಗೆಣ್ಣಿನ ತುಂಡು ಮಾಡಿ ನೆರಳಲ್ಲಿ ಕೊಟ್ಟೆಗೆ ಹಾಕಿ. ಹೊಸ ಆಸರೆ ಮರಕ್ಕೆ ಬಳ್ಳಿ ನೆಡುವಾಗ ಬಡಗಣ ಮಗ್ಗುಲಿನಲ್ಲೇ ನೆಡಿ, ಕಾರಣ ಮೇಲೆ ಹೇಳಿದ ಸೂರ್ಯನ ದಾರಿಯೇ. ಕಾಯಂ ಮರಗಳ ಅಂತರ ಈಗಲೇ ಗಮನದಲ್ಲಿರಲಿ. ತೆಂಗು 7.5 ಮೀಟರಿಗೆ ಒಂದು, ಅಡಿಕೆ 2.7 ಮೀಟರ್ ಅಂದರೆ 9 ಅಡಿಗೆ ಒಂದು. ಬಿದ್ದ ಮರದ ಗುಂಡಿಯಲ್ಲೇ ಹೊಸ ಸಸಿ ಇಡುವ ಆಸೆ ಎಲ್ಲರಿಗೂ ಆಗುತ್ತದೆ, ಗುಂಡಿ ತಯಾರಾಗಿಯೇ ಇದೆಯಲ್ಲ! ಆದರೆ ಹಳೇ ಬೇರು ಕೊಳೆಯುವಾಗ ಶಿಲೀಂಧ್ರ ಬೆಳೆಯುತ್ತದೆ. ಅಡಿಕೆಗೆ ಅಣಬೆ ರೋಗ ಹರಡುವುದು ಹಾಗೇ ಬಿಟ್ಟ ಹಳೇ ಬುಡಗಳಿಂದಲೇ. ಬುಡ ಅಗೆದು ತೆಗೆದು, ಹೊಸ ಗುಂಡಿಯನ್ನು ಮೂರು ನಾಲ್ಕು ಅಡಿ ಆಚೆ ತೋಡಿ. ನೀರು ಬಸಿಯುವ ಜಂಬಿಟ್ಟಿಗೆ ನೆಲವಾದರೆ ಅಡಿಕೆ ಸಸಿ ಮೇ–ಜೂನಿನಲ್ಲಿ, ಜಿಗುಟು ನೆಲವಾದರೆ ಮಳೆಯ ಜೋರು ಇಳಿದ ಆಗಸ್ಟ್–ಸೆಪ್ಟೆಂಬರಿನಲ್ಲಿ ನೆಡಿ. ಎತ್ತರದ ಸಸಿಗಿಂತ ಗಿಡ್ಡಗೆ ಬುಡ ದಪ್ಪಗಿರುವ, ಐದು ಎಲೆಯಾದರೂ ಇರುವ ಸಸಿ ಆರಿಸಿ.

ಕಾನಿನ ದರಕು, ಹಿತ್ತಲ ಮಣ್ಣು

ಸೊರಬದ ಕಾನುಗಳ ವಿಷಯದಲ್ಲಿ 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ವರದಿ ಬರೆದಿದ್ದಾರೆ. ಊರಿನ ಬೆನ್ನಿಗೆ ನಿಂತ ಆ ದಟ್ಟ ಕಾಡುಗಳಲ್ಲಿ ಜನ ಮೆಣಸು ಕೊಯ್ಯುತ್ತಿದ್ದರು; ಕಾನು ನೀರಿನ ಸೆಲೆ ಕಾಯುತ್ತಿತ್ತು, ಗಾಳಿಯನ್ನೂ ತಡೆಯುತ್ತಿತ್ತು. ಹಿತ್ತಲಿನ ಅಂತಸ್ತಿನ ಜೋಡಣೆ ಕಾನಿನದ್ದೇ ಚಿಕ್ಕ ರೂಪ. ಈಗ ಕಾನುಗಳ ಜಾಗದಲ್ಲಿ ಅಕೇಶಿಯ, ಜೋಳದ ಹೊಲ, ಶುಂಠಿ ಬಂದಿರುವ ಕಡೆ ಗಾಳಿ ಅಡ್ಡಿಯಿಲ್ಲದೆ ಊರಿಗೆ ನುಗ್ಗುತ್ತದೆ. ಇದನ್ನು ಒಂದು ಮನೆಯವರು ಸರಿಮಾಡಲಾರರು. ಆದರೆ ಸಾಲು ಮನೆಗಳವರು ಮಾತಾಡಿಕೊಂಡು ಪಡುವಣದ ಬೇಲಿಯಲ್ಲಿ ಒಂದು ಸಾಲು ಮರ ಎಬ್ಬಿಸಿದರೂ ವ್ಯತ್ಯಾಸ ಕಾಣುತ್ತದೆ. ಗಾಳಿತಡೆ ಗೋಡೆಯಂತೆ ಇರಬಾರದು, ಅರ್ಧ ಗಾಳಿ ಸೋಸಿ ಹೋಗುವಂತಿರಬೇಕು. ಪೂರ್ತಿ ತಡೆದರೆ ಗಾಳಿ ಮೇಲೆ ಹಾರಿ ಆಚೆ ಸುಳಿಯಾಗಿ ಬೀಳುತ್ತದೆ. ಹೊಂಗೆ, ಬಿದಿರು, ಗೊಬ್ಬರದ ಗಿಡ, ಹಾಲುವಾಣ ಬೆರಸಿದ ಬೇಲಿ ಇದಕ್ಕೆ ಚೆನ್ನ.

ಬಿರುಮಳೆ ಮೇಲ್ಮಣ್ಣು ಕೊಚ್ಚಿ ಜಂಬಿಟ್ಟಿಗೆ ಕಲ್ಲು ತೇಲಿಸಿದ ಕಡೆ ಅಗೆಯುವ ಮೊದಲು ಮುಚ್ಚಿ. ಬಿದ್ದ ಸೊಪ್ಪು, ಸಣ್ಣ ರೆಂಬೆ, ಬಾಳೆ ಪಟ್ಟೆ ಎಲ್ಲ ಕೊಚ್ಚಿ ನಾಲ್ಕು ಬೆರಳು ದಪ್ಪ ಹರಡಿದರೆ ಹನಿಯ ಹೊಡೆತ ನಿಲ್ಲುತ್ತದೆ. ಬೆಂಕಿ ಹಾಕಿ ಸ್ವಚ್ಛ ಮಾಡಬೇಡಿ. ಗಾಳಿ ನಿಮ್ಮ ಹಿತ್ತಲಿಗೆ ಒಂದು ವರ್ಷದ ಗೊಬ್ಬರವನ್ನೇ ಉದುರಿಸಿದೆ, ಅದನ್ನು ಹೊಗೆ ಮಾಡುವುದು ಎರಡನೇ ನಷ್ಟ. ಬೇರು ಹರಿದ ಗಿಡಗಳಿಗೆ ಮೊದಲ ಒಂದೂವರೆ ತಿಂಗಳು ಯೂರಿಯಾ ಕೊಡಬೇಡಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬುಡದಿಂದ ಸ್ವಲ್ಪ ದೂರಕ್ಕೆ ಹಾಕಿದರೆ ಸಾಕು. ತೆರೆದ ಜಾಗಕ್ಕೆ ನುಗ್ಗುವ ಯುಪಟೋರಿಯಂ ಕಳೆಯನ್ನು ಹೂ ಬಿಡುವ ಮೊದಲೇ ಸವರಿ ಅದನ್ನೂ ಮುಚ್ಚಿಗೆ ಮಾಡಿ.

ಮುಚ್ಚಿಗೆ ಸಾಲದೆ ಕಾಡಿನಿಂದ ದರಕು ತರುವವರಿಗೆ ಒಂದು ಎಚ್ಚರಿಕೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗುಗಳು ಚಳಿಗಾಲದಿಂದ ಮೇ ತನಕ ದರಕಿನಲ್ಲೇ ಇರುತ್ತವೆ. ಅಶ್ವಿನಿ, ಭರಣಿಯ ಗಾಳಿ ಬೀಸುವುದೂ ಆ ದಿನಗಳಲ್ಲೇ. ಮೈತುಂಬ ಬಟ್ಟೆ, ಆರೋಗ್ಯ ಇಲಾಖೆ ಕೊಡುವ ಉಣುಗು ನಿವಾರಕ ತೈಲ, ಮನೆಗೆ ಬಂದೊಡನೆ ಬಿಸಿನೀರ ಸ್ನಾನ ಇಷ್ಟು ತಪ್ಪಿಸಬೇಡಿ. ಸತ್ತ ಮಂಗ ಕಂಡ ಕಡೆಯ ದರಕು ಬೇಡವೇ ಬೇಡ.

ಅಡುಗೆಮನೆಗೆ ಬೇಗ ಬರುವವು

ಮರದ ಕೆಲಸ ನಡೆಯುತ್ತಿರುವಾಗಲೇ ಬಿಸಿಲು ಬಿದ್ದ ಜಾಗವನ್ನು ಒಂದು ವರ್ಷ ತರಕಾರಿಗೆ ಬಳಸಿ. ಇಷ್ಟು ಬೆಳಕು ಈ ಹಿತ್ತಲಿಗೆ ಮತ್ತೆ ಸಿಗಲಿಕ್ಕಿಲ್ಲ. ಮಳೆಗಾಲಕ್ಕೆ ಒಂದಡಿ ಎತ್ತರದ ಏರುಮಡಿ ಮಾಡಿ, ಅಂಚಿಗೆ ಅಡಿಕೆ ದಬ್ಬೆ ಕೊಡಿ. ಹರಿವೆ ಮೂರು ನಾಲ್ಕು ವಾರಕ್ಕೆ ಕೊಯ್ಲಿಗೆ ಬರುತ್ತದೆ, ಬೆಂಡೆ ಒಂದೂವರೆ ತಿಂಗಳಿಗೆ. ಬಸಳೆಯ ತುಂಡು ಊರಿ ದಬ್ಬೆ ಚಪ್ಪರಕ್ಕೆ ಹಬ್ಬಿಸಿ, ಹೀರೆಯೂ ಅಲ್ಲೇ ಏರಲಿ. ಅರಿಶಿನ, ಸುವರ್ಣಗೆಡ್ಡೆ, ಕೆಸು ಗೆಡ್ಡೆಗಳು ಮೇಲೆ ಎಷ್ಟು ಮುರಿದಿದ್ದರೂ ನೆಲದೊಳಗೆ ಉಳಿದಿರುತ್ತವೆ. ಆ ಜಾಗಗಳನ್ನು ಗುರುತಿಟ್ಟು ಗುದ್ದಲಿ ತಾಗದಂತೆ ನೋಡಿಕೊಳ್ಳಿ.

ಡೇರೆ ಗೆಡ್ಡೆ, ಸೂಜಿಮೆಣಸು, ಮನೆತನದ ಮಗೆಕಾಯಿ ಬೀಜ ಇಂಥವು ಕೊಚ್ಚಿಹೋದರೆ ಪೇಟೆಯಲ್ಲಿ ಸಿಗುವುದಿಲ್ಲ. ಸಿಗುವುದು ನೆಂಟರ ಹಿತ್ತಲಲ್ಲಿ, ಹಿಂದೆ ನೀವೇ ಕೊಟ್ಟದ್ದು ಅಲ್ಲಿ ಬೆಳೆದಿರುತ್ತದೆ. ಪಕ್ಕದ ಶಿರಸಿಯಲ್ಲಿ ‘ವನಸ್ತ್ರೀ’ ಎಂಬ ಹೆಣ್ಣುಮಕ್ಕಳ ಬಳಗ 2001ರಿಂದ ಹಿತ್ತಲ ಬೀಜಗಳನ್ನು ಉಳಿಸಿ ಹಂಚಿಕೊಳ್ಳುವ ಕೆಲಸವನ್ನೇ ಮಾಡುತ್ತಿದೆ. ಮಳೆಗಾಲದ ಹೊಸ್ತಿಲಲ್ಲಿ ಅವರು ನಡೆಸುವ ಮಲೆನಾಡು ಮೇಳಕ್ಕೆ ಹೋದರೆ ಕಳೆದುಕೊಂಡ ಎಷ್ಟೋ ತಳಿ ಸಿಕ್ಕೀತು. ಕಸಿ ಗಿಡ, ಒಳ್ಳೆ ಅಡಿಕೆ ಸಸಿಗೆ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರ, ಸಾಗರ ತಾಲ್ಲೂಕಿನ ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ವಿಚಾರಿಸಿ.

ಪರಿಹಾರದ ಲೆಕ್ಕ

ಕೇಂದ್ರ ಸರ್ಕಾರ 2022-23ರಿಂದ 2025-26ರ ಅವಧಿಗೆ ಗೊತ್ತುಮಾಡಿದ ವಿಪತ್ತು ಪರಿಹಾರದ ಮಾನದಂಡದಂತೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಹೆಚ್ಚೆಂದರೆ 2 ಹೆಕ್ಟೇರಿಗೆ, ಅದೂ ಬೆಳೆ ನಷ್ಟ ಶೇ 33 ಮುಟ್ಟಿದ್ದರೆ. 9 ಅಡಿ ಅಂತರದಲ್ಲಿ ಹೆಕ್ಟೇರಿಗೆ ಸುಮಾರು 1,370 ಅಡಿಕೆ ಮರ ಹಿಡಿಯುತ್ತವೆ. ಮರವೊಂದಕ್ಕೆ 16 ರೂಪಾಯಿ ಚಿಲ್ಲರೆ ಬಿತ್ತು. ಫಲ ಬರಲು ಐದಾರು ವರ್ಷ ಬೇಕಾದ ಮರಕ್ಕೆ ಇದು ಅನ್ಯಾಯದ ಬೆಲೆ ಎಂದೇ ನನ್ನ ಅಭಿಪ್ರಾಯ. ಆದರೂ ಅರ್ಜಿ ಕೊಡುವುದನ್ನು ಬಿಡಬೇಡಿ. ಗ್ರಾಮ ಆಡಳಿತ ಅಧಿಕಾರಿಗೆ ಕೂಡಲೇ ತಿಳಿಸಿ, ಫೋಟೊ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ, ಫ್ರೂಟ್ಸ್ ಸಂಖ್ಯೆ ಜೊತೆಗಿಡಿ; ಕಂದಾಯ ಮತ್ತು ತೋಟಗಾರಿಕೆ ಇಲಾಖೆಯವರು ಸೇರಿ ಸ್ಥಳ ನೋಡುತ್ತಾರೆ. ಹಿತ್ತಲು ಗ್ರಾಮಠಾಣಾದಲ್ಲಿದ್ದು ಅದಕ್ಕೆ ಪಹಣಿ ಇಲ್ಲದಿದ್ದರೆ ಬೆಳೆ ಪರಿಹಾರ ಸಿಗುವುದು ಕಷ್ಟ. ಮನೆ, ಕೊಟ್ಟಿಗೆಯ ಮೇಲೆ ಮರ ಬಿದ್ದು ಹಾನಿಯಾಗಿದ್ದರೆ ಅದಕ್ಕೆ ಬೇರೆ ಅರ್ಜಿ ಕೊಡಿ. ಅಡಿಕೆ, ಕಾಳುಮೆಣಸಿಗಿರುವ ಹವಾಮಾನ ಆಧಾರಿತ ವಿಮೆ ಮಳೆಮಾಪನದ ಅಂಕಿ ನೋಡಿ ಹಣ ಕೊಡುತ್ತದೆ, ಬಿದ್ದ ಮರ ಎಣಿಸುವುದಿಲ್ಲ. ಅದನ್ನು ಗಾಳಿಯ ವಿಮೆ ಎಂದುಕೊಂಡವರಿಗೆ ನಿರಾಸೆಯಾಗುತ್ತದೆ.

ಮುಂದಿನ ಅಶ್ವಿನಿಗೆ ಮುಂಚೆ

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಹಿತ್ತಲಿನ ಮರಗಳನ್ನು ಕತ್ತೆತ್ತಿ ನೋಡಿ ಬನ್ನಿ. ಎರಡು ಕೊಂಬೆಗಳು ತೀರಾ ಇಕ್ಕಟ್ಟು ಕವಲಾಗಿ, ನಡುವೆ ತೊಗಟೆ ಸಿಕ್ಕಿಕೊಂಡಿದ್ದರೆ ಗಾಳಿಗೆ ಸೀಳುವುದು ಅಲ್ಲೇ. ಒಂದನ್ನು ಆಗಲೇ ತೆಗೆಸಿ. ಒಣಗಿದ ರೆಂಬೆ, ಮಾಡಿನ ಮೇಲೆ ಚಾಚಿದ ಕೊಂಬೆ ಇಳಿಸಿ. ಇಡೀ ತಲೆ ಬೋಳಿಸುವುದು ಬೇಡ, ಹಾಗೆ ಬೋಳಿಸಿದ ಮರ ಗೊಂಚಲು ಗೊಂಚಲಾಗಿ ಚಿಗುರುತ್ತದೆ, ಆ ಚಿಗುರು ಕಾಂಡಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿರುವುದಿಲ್ಲ. ಗೊನೆ ಹೊತ್ತ ಬಾಳೆಗೆ ಗಾಳಿ ತಿಂಗಳು ಬರುವ ಮೊದಲು ಕವೆಗೋಲು ಕೊಡಿ, ಎರಡು ಮೂರು ಗಿಡಗಳನ್ನು ಪರಸ್ಪರ ಹಗ್ಗದಿಂದ ಬಿಗಿಯಿರಿ. ಹೊಸ ಹಲಸನ್ನು ಮನೆಯಿಂದ ಕನಿಷ್ಠ ಮೂವತ್ತು ಅಡಿ ದೂರ, ತೆಂಕು–ಪಡುವಣ ಮೂಲೆಗೆ ನೆಟ್ಟಿದ್ದರೆ ಮೊದಲ ಮೂರು ವರ್ಷ ಒಂದೇ ನೆಟ್ಟನೆ ಕಾಂಡ ಉಳಿಸಿ ಬೆಳೆಸಿ. ಕಸಿ ಗಿಡವಾದರೆ ನಾಲ್ಕನೇ ವರ್ಷದ ಆಸುಪಾಸಿಗೆ ಕಾಯಿ ಕಚ್ಚುತ್ತದೆ. ಅಷ್ಟರಲ್ಲಿ ಅದರ ನೆರಳು ಅಡಿಕೆ ಕಾಂಡಕ್ಕೆ ಮುಟ್ಟುವಂತಾದರೆ ನುಗ್ಗೆ, ಹಾಲುವಾಣಗಳನ್ನು ಒಂದೊಂದಾಗಿ ಕಡಿದು ಸೊಪ್ಪನ್ನು ಅದರ ಬುಡಕ್ಕೇ ಹಾಕುತ್ತ ಬನ್ನಿ.